ಮುತ್ಯಾ ಓದದ ಪುಟ

ಎರಡನೇ ರೊಟ್ಟಿಗೇ ಅಪ್ಪ ಕೈ ತೊಳೆದಾಗ ಸುಹಾಸಿನಿಗೆ ಏನೋ ಆಗಿದೆ ಅನ್ನಿಸಿತು. ಮಲ್ಲಣ್ಣ ಊಟಕ್ಕೆ ಕೂತನೆಂದರೆ ನಾಲ್ಕು ಜೋಳದ ರೊಟ್ಟಿಗಿಂತ ಕಡಿಮೆಗೆ ಏಳುವ ಆಸಾಮಿಯಲ್ಲ. ಅಂಥವನು ಪುಂಡಿಪಲ್ಯ ಹಾಗೇ ಬಿಟ್ಟು, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಗೇಟಿನ ಕಡೆ ನೋಡುತ್ತಿದ್ದ.

"ಯಾಕ್ರಿ, ಪಲ್ಯ ಹುಳಿ ಆತೇನು?" ಅಂದಳು ಅವ್ವ ಗುಣವತಿ, ತವೆಯ ಮುಂದಿನಿಂದಲೇ.

"ಇಲ್ಲ. ಹೊಟ್ಟಿ ತುಂಬೈತಿ."

"ಎಲ್ಲಿ ತುಂಬಿಸ್ಕೊಂಡ್ ಬಂದ್ರಿ?"

"ಚಹಾ ಕುಡದಿದ್ದೆ."

"ಚಹಾ ಕುಡದ್ರ ಎರಡು ರೊಟ್ಟಿ ಉಳೀತಾವಂದ್ರ ದಿನಾ ನಾಕು ಕಪ್ ಕುಡೀರಿ. ನನ್ನ ಕೈಗೂ ಆರಾಮ."

ನಿಜವಾದ ಉತ್ತರವನ್ನು ಕೊಟ್ಟವಳು ಗೇಟಿನ ಹತ್ತಿರ ಬಂದು ನಿಂತ ಇಸ್ತ್ರಿ ಅಂಗಡಿಯ ಹೆಂಗಸು. ಜಗಳಕ್ಕೆ ಬಂದವಳಂತೆ ಅಲ್ಲ, ಸುಮ್ಮನೆ ತೆಲುಗಿನಲ್ಲಿ ಹೇಳಿ ಹೋದಳು. ಸಂಜೆ ಇಳಿಜಾರಿನಲ್ಲಿ ನಿಮ್ಮ ಟ್ರ್ಯಾಕ್ಟರ್ ನಮ್ಮ ಅಂಗಡಿಯ ಗೋಡೆ ಕೆಡವಿತು. ಗೋಡೆ ಹೋದರೆ ಹೋಗಲಿ. ಆ ಗೋಡೆಗೆ ಒರಗಿ ಕೂತಿದ್ದ ನಮ್ಮತ್ತೆ ನೀರು ಕುಡಿಯಲು ಎದ್ದು ಒಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ.

ಗುಣವತಿ ತಟ್ಟಿದ್ದ ರೊಟ್ಟಿ ತವೆಗೆ ಬೀಳದೆ ಕಟ್ಟೆಯ ಮೇಲೆ ಬಿತ್ತು.

"ಬ್ರೇಕ್ ಒತ್ತಿದೆ," ಅಂದ ಮಲ್ಲಣ್ಣ, ಯಾರೂ ಕೇಳದಿದ್ದರೂ. "ಒತ್ತಿದ ಕೂಡ್ಲೆ ಎಡಕ್ಕ ಎಳೀತು. ಯಾರೋ ಕೈ ಹಿಡದು ಜಗ್ಗಿದಂಗ."

ಆ 'ಎಡಕ್ಕ' ಎಂಬ ಮಾತಿಗೆ ಮನೆಯೇ ತಣ್ಣಗಾಯಿತು. ಶೇಂಗಾ ಹುರಿಯುತ್ತಿದ್ದ ಆಯಿಯ ಕೈ ನಿಂತಿತು. ಮಂಚದ ಮೇಲಿದ್ದ ಮುತ್ಯಾ ಗೋಡೆಯ ಕಡೆ ಹೊರಳಿ ಮಲಗಿದ.

ಮುತ್ಯಾ ಎಂದರೆ ಸುಹಾಸಿನಿಯ ಅಜ್ಜ ಅಮೃತಪ್ಪ, ಆಯಿ ಎಂದರೆ ಅಜ್ಜಿ ಶರಣಬಸಮ್ಮ. ಅವರಿಗೆ ಇಬ್ಬರು ಗಂಡುಮಕ್ಕಳು, ಸಣ್ಣವನು ಮಲ್ಲಣ್ಣ. ದೊಡ್ಡವನು ಕಲ್ಯಾಣಪ್ಪ. ಹದಿನೇಳು ವರ್ಷದ ಹಿಂದೆ ಹುಮನಾಬಾದಿನ ರಸ್ತೆಯಲ್ಲಿ ಕಬ್ಬು ತುಂಬಿಕೊಂಡು ಹೋಗುವಾಗ ಇದೇ ಕೆಂಪು ಟ್ರ್ಯಾಕ್ಟರ್ ಎಡಕ್ಕೆ ಹೊರಳಿ ಹಳ್ಳಕ್ಕೆ ಬಿದ್ದಿತ್ತು. ಕೆಳಗೆ ಕಲ್ಯಾಣಪ್ಪ ಸಿಕ್ಕಿಕೊಂಡಿದ್ದ. ಎಮ್ಮೆಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದ, ಗಾಡಿ ಮಗುಚಿತು. ಊರೆಲ್ಲ ಹೇಳಿದ್ದು ಇಷ್ಟೇ. ಅಂದಿನಿಂದ ಆಯಿ ಎಮ್ಮೆಯ ಹಾಲು, ಮೊಸರು ಬಾಯಿಗೆ ಹಾಕಿದವಳಲ್ಲ. ಹೈದರಾಬಾದಿಗೆ ಬಂದ ಮೇಲೂ ಡೈರಿ ಪ್ಯಾಕೆಟ್ ಹಾಲು ಬೇಡವೆಂದು, ಎರಡು ಗಲ್ಲಿ ದಾಟಿ ಹೋಗಿ ಆಕಳ ಹಾಲು ತರುತ್ತಿದ್ದಳು.

ಆಮೇಲೆ ಟ್ರ್ಯಾಕ್ಟರ್ ಊರಿನಲ್ಲೇ ಉಳಿದಿತ್ತು. ಹೊಲ ಮಾಡುವವನು ಅದನ್ನು ಹೊಲದಿಂದ ರಸ್ತೆಗೆ ತಂದದ್ದೇ ಇಲ್ಲ. ಕಳೆದ ವರ್ಷ, ಎರಡು ಸಾವಿರದ ಎರಡರಲ್ಲಿ, ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ಮಲ್ಲಣ್ಣ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಬೋರು ಬತ್ತಿದ ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುವ ಕೆಲಸ ಆ ಕಡೆ ಜೋರಾಗಿತ್ತು. ಟ್ರ್ಯಾಕ್ಟರನ್ನು ಲಾರಿಯ ಮೇಲೆ ಹೇರಿಸಿ ತಂದರು, ಹಿಂದೆ ಒಂದು ಟ್ಯಾಂಕರ್ ಜೋಡಿಸಿದರು. ಹೊಲ ಉಳುವ ಗಾಡಿ ಮೂವತ್ತು ವರ್ಷದ ಮುಪ್ಪಿನಲ್ಲಿ ಸಿಟಿಯ ರಸ್ತೆಗೆ ಬಿತ್ತು.

"ಮಾರ್ರಿ ಆ ಗಾಡಿ," ಅಂದಳು ಗುಣವತಿ. "ಒಬ್ಬರನ್ನ ನುಂಗೈತಿ. ಇನ್ನೊಬ್ಬರನ್ನ ನಾ ಕೊಡಂಗಿಲ್ಲ."

"ಮಾರಿ ಏನ ಮಾಡ್ಲಿ? ನಿನ್ನ ಜೋಡಿ ರೊಟ್ಟಿ ಬಡೀಲಿ?"

"ಬಡೀರಿ. ಕೈ ಸುಟ್ರೂ ಜೀವ ಹೋಗಂಗಿಲ್ಲ."

"ಶಾಪೂರ್ ನಗರದ ಮೆಕ್ಯಾನಿಕ್‌ಗೆ ತೋರಸ್ತೀನಿ ನಾಳೆ."

"ಮೆಕ್ಯಾನಿಕ್ ಬ್ಯಾಡ," ಅಂದ ಮುತ್ಯಾ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಆ ಹುಡುಗ್ರು ಹುಟ್ಟೋಕಿಂತ ಮೊದಲಿನ ಗಾಡಿ ಅದು. ಬಿಚ್ಚತಾರ, ಕೂಡಸಾಕ ಬರಂಗಿಲ್ಲ. ಕೋಠ್ಯಾಗ ಹಳೀ ಪುಸ್ತಕದ ಅಂಗಡಿ ಅದಾವ. ರಿಪೇರಿ ಪುಸ್ತಕ ಸಿಗತೈತಿ. ಉರ್ದುದ್ದು ತರ್ರಿ. ನಾ ಓದ್ತೀನಿ, ನೀ ಮಾಡು."

ಈ ಮನೆಯಲ್ಲಿ ಮಾತು ಒಂದೇ ಆದರೂ ಓದು ನಾಲ್ಕು ಥರ. ಮುತ್ಯಾ ನಿಜಾಮರ ಕಾಲದಲ್ಲಿ ಹುಮನಾಬಾದಿನ ಶಾಲೆಗೆ ಹೋದವನು, ಅವನಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬಾರದು. ಗುಣವತಿ ಓದುವುದು ಕನ್ನಡ. ಮಲ್ಲಣ್ಣ ಕಾರ್ಖಾನೆಯ ಪುಣ್ಯದಿಂದ ತೆಲುಗು ಬೋರ್ಡು ಓದುತ್ತಾನೆ. ಸುಹಾಸಿನಿಗೆ ಇಂಗ್ಲಿಷು ಮತ್ತು ತೆಲುಗು, ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ. ಆಯಿಗೆ ಯಾವುದೂ ಇಲ್ಲ. ಬ್ಯಾಂಕಿನಿಂದ ಒಂದು ಕಾಗದ ಬಂದರೆ ಅದು ಮನೆಯೆಲ್ಲ ಸುತ್ತಿ ಬರುತ್ತಿತ್ತು.

"ಇಂಗ್ಲಿಷಿನ್ಯಾಗ ಸಿಕ್ರ ಚಲೋ," ಅಂದ ಮಲ್ಲಣ್ಣ. "ಕಂಪನಿಯವ್ರು ಬರದದ್ದು ಇಂಗ್ಲಿಷಿನ್ಯಾಗನ ಇರ್ತೈತಿ. ನಮ್ಮ ಸುಹಾಸಿ ಓದ್ತಾಳ."

"ಬಿ.ಕಾಂ. ಓದೋ ಹುಡುಗಿ ಟ್ರ್ಯಾಕ್ಟರ್ ಪುಸ್ತಕ ಓದ್ತಾಳ? ಗೇರು ಯಾವುದು, ಕ್ಲಚ್ ಯಾವುದು ಗೊತ್ತೈತೇನಕಿಗಿ? ಉರ್ದುದ್ದು ತಾ ಅಂದೆ, ತಾ."

ಕಾಲೇಜು ಇರುವುದೇ ಕೋಠಿಯಲ್ಲಿ, ಹಾಗಾಗಿ ತರುವ ಕೆಲಸ ಸುಹಾಸಿನಿಯ ಕೊರಳಿಗೇ ಬಿತ್ತು.

ಮರುದಿನ ಮಧ್ಯಾಹ್ನ ಫುಟ್‌ಪಾತಿನ ಪುಸ್ತಕದ ಗುಡ್ಡೆಗಳ ನಡುವೆ ದಾರಿ ಹುಡುಕುತ್ತ ಹೋದಳು. ಎಂಜಿನಿಯರಿಂಗ್ ಪುಸ್ತಕ ಮಾರುವ ಬಿಳಿ ಟೋಪಿಯ ಮುದುಕ, ಟ್ರ್ಯಾಕ್ಟರ್ ಎಂದ ಕೂಡಲೆ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮೂಟೆಯೊಂದನ್ನು ಬಿಚ್ಚಿ, ಧೂಳು ಊದಿ, ಎರಡು ಪುಸ್ತಕ ಅವಳ ಮುಂದಿಟ್ಟ. ಎರಡರ ಮೇಲೂ ಅದೇ ಕೆಂಪು ಗಾಡಿಯ ಚಿತ್ರ. ಒಂದು ತೆಳ್ಳಗಿನ ಉರ್ದು ಪುಸ್ತಕ. ಇನ್ನೊಂದು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್, ಅದರ ರಟ್ಟಿನ ಮೇಲೆ ಇಂಥ ನಂಬರಿನಿಂದ ಇಂಥ ನಂಬರಿನವರೆಗಿನ ಗಾಡಿಗೆ ಎಂದು ಬರೆದಿತ್ತು.

"ಗಾಡಿ ಕಾ ನಂಬರ್ ಬೋಲೋ ಅಮ್ಮಾ," ಅಂದ ಮುದುಕ. "ನಂಬರ್ ನಹೀಂ ತೋ ಅಂಗ್ರೇಜಿ ವಾಲಾ ನಕ್ಕೋ ಲೇವ್."

ನಂಬರು ತಿಳಿಯದೆ ಇಂಗ್ಲಿಷಿನದು ಒಯ್ಯಬೇಡ ಎಂದರೆ, ನಂಬರು ಯಾರಿಗೆ ಗೊತ್ತು? ಎಂಜಿನ್ನಿನ ಪಕ್ಕ ಕಂಪನಿಯವರು ಹೊಡೆದ ತಗಡು ಒಂದಿದೆ. ಪ್ರತಿ ವರ್ಷ ಆಯುಧ ಪೂಜೆಗೆ ಮುತ್ಯಾ ಊರಿಗೆ ಹೋಗಿ ತಾನೇ ನಿಂತು ಗಾಡಿಗೆಲ್ಲ ಕೆಂಪು ಬಣ್ಣ ಬಳಿಯುತ್ತಿದ್ದ. ತಗಡಿಗೂ ಬಳಿದು, ಅದರ ಮೇಲೆ ವಿಭೂತಿಯ ಮೂರು ಗೆರೆ ಎಳೆಯುತ್ತಿದ್ದ. ಅದು ಬಸವಣ್ಣನ ಹಣೆ ಎಂದು ಮನೆಯ ನಂಬಿಕೆ. ಮೂವತ್ತು ವರ್ಷದ ಬಣ್ಣ, ಮೂವತ್ತು ವರ್ಷದ ವಿಭೂತಿ ಕೂಡಿ ತಗಡಿನ ಮೇಲೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ಆದರೆ ಸುಹಾಸಿನಿ ಉರ್ದು ಪುಸ್ತಕ ಎತ್ತಿಕೊಂಡದ್ದು ನಂಬರು ಗೊತ್ತಿಲ್ಲವೆಂದಲ್ಲ, ಮುತ್ಯಾ ಹೇಳಿದ ಎಂದೂ ಅಲ್ಲ. ಇಂಗ್ಲಿಷ್ ಪುಸ್ತಕ ತಂದರೆ ತಾನು ಓದಬೇಕು. ತಾನು ಓದಿ ಹೇಳಬೇಕು, ಅಪ್ಪ ತಾನು ಹೇಳಿದಂತೆ ಬಿಚ್ಚಬೇಕು, ಕಟ್ಟಬೇಕು, ಆಮೇಲೆ ಅದರ ಮೇಲೆ ಕೂತು ಇಳಿಜಾರು ಇಳಿಯಬೇಕು. ಒಂದು ಸಾಲು ತಪ್ಪಿದರೆ? ಮುತ್ಯಾ ಓದಿದರೆ ತಪ್ಪು ಮುತ್ಯಾನದು. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ತೆಳ್ಳಗಿನದನ್ನೇ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ರಿಪೇರಿ ಶುರುವಾಯಿತು. ಮುತ್ಯಾ ಸ್ಟೂಲಿನ ಮೇಲೆ ಕನ್ನಡಕ ಏರಿಸಿ ಕೂತ. ಮಲ್ಲಣ್ಣ ಹಳೆಯ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಸರಿದ. ಸುಹಾಸಿನಿಯ ಕೆಲಸ ನಟ್ಟು ಬಿಚ್ಚುವ ಪಾನಾ ಕೊಡುವುದು, ಬಿಚ್ಚಿದ ನಟ್ಟುಗಳನ್ನು ತಾಟಿನಲ್ಲಿ ಸಾಲಾಗಿ ಇಡುವುದು.

"ನಾ ಉಪ್ಪಿಟ್ಟು ಹಾಕೋ ತಾಟು ಅದು," ಅಂದಳು ಗುಣವತಿ ಕಿಟಕಿಯಿಂದ.

"ಇವತ್ತ ನಟ್ಟು ಬಡಸು ನಮಗ," ಅಂದ ಮಲ್ಲಣ್ಣ ಅಡಿಯಿಂದ.

ಮುತ್ಯಾ ಓದುವುದು, ಕನ್ನಡದಲ್ಲಿ ಹೇಳುವುದು, ಮಲ್ಲಣ್ಣ ಹಾಗೇ ಮಾಡುವುದು. ಬ್ರೇಕಿನ ಡ್ರಮ್ಮು ಬಿಚ್ಚಿದರು, ಸವೆದ ಪಟ್ಟಿ ತೆಗೆದು ಹೊಸದು ಹಾಕಿದರು. ಕೆಲಸವೇನೋ ಚೆನ್ನಾಗಿಯೇ ನಡೆಯಿತು. ಮುತ್ಯಾ ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುತ್ತಿದ್ದ. ಒಮ್ಮೆ ಮಾತ್ರ ಎರಡು ಹಾಳೆ ಒಟ್ಟಿಗೆ ತಿರುಗಿದ್ದನ್ನು ಸುಹಾಸಿನಿ ನೋಡಿದಳು.

"ಮುತ್ಯಾ, ಒಂದು ಹಾಳಿ ಬಿಟ್ಟಿ ನೋಡು."

"ಅದು ಎಣ್ಣಿದು. ಬ್ಯಾರೆ ವಿಷಯ."

ಎಲ್ಲ ಕೂಡಿಸಿದ ಮೇಲೆ ಮುತ್ಯಾ ಎದ್ದು ಬಂದು ಪೆಡಲಿನ ಹತ್ತಿರ ಬಾಗಿದ. ಬ್ರೇಕಿಗೆ ಎರಡು ಪೆಡಲು, ಅಕ್ಕಪಕ್ಕ. ಒಂದು ಎಡಗಡೆಯ ಚಕ್ರಕ್ಕೆ, ಒಂದು ಬಲಗಡೆಯ ಚಕ್ರಕ್ಕೆ. "ಮಲ್ಲಣ್ಣ, ಕಾಲು ಅಡ್ಡ ಇಡಬೇಕು. ಹಿಂಗ. ಎರಡರ ಮ್ಯಾಲೂ ಸಮಾ ಕೂಡಬೇಕು. ತಿಳೀತಿಲ್ಲೋ?"

"ತಿಳೀತ್ ಬಿಡಪ್ಪಾ."

"ತಿಳೀತು ಅನಬ್ಯಾಡ, ಇಟ್ಟು ತೋರಸು. ಇನ್ನೊಮ್ಮೆ. ಇನ್ನೊಮ್ಮೆ."

"ಯಪ್ಪಾ, ನಾ ಏನ ಸಣ್ಣ ಕೂಸೇನು?"

ಮುತ್ಯಾ ಮೂರನೇ ಸಲವೂ ಇಡಿಸಿಯೇ ಬಿಟ್ಟ. ವಯಸ್ಸಿನ ಹಟ ಎಂದುಕೊಂಡಳು ಸುಹಾಸಿನಿ.

ಸೋಮವಾರದಿಂದ ಮತ್ತೆ ನೀರಿನ ಟ್ರಿಪ್ಪು ಶುರು. ಎರಡು ದಿನ ಗಾಡಿ ನೆಟ್ಟಗೆ ನಿಂತಿತು. ಮೂರನೇ ದಿನ ಸ್ವಲ್ಪ ಎಡಕ್ಕೆ ಎಳೆಯಿತು. ನಾಲ್ಕನೇ ದಿನ ಜೋರಾಗಿ ಎಳೆಯಿತು. ಮಲ್ಲಣ್ಣ ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ, ಮುತ್ಯಾ ಮತ್ತೆ ಓದಿದ. ವ್ಯತ್ಯಾಸವಾಗಲಿಲ್ಲ.

ಮನೆಯ ಮಂದಿಗೆಲ್ಲ ಕಿವಿಯೇ ಕಣ್ಣಾಯಿತು. ಟ್ಯಾಂಕರ್ ಬೋರಿನ ಹತ್ತಿರ ತುಂಬಿಸಿಕೊಂಡು ಏರು ಹತ್ತುವ ಸದ್ದು ಮನೆಗೆ ಕೇಳುತ್ತಿತ್ತು. ಏರು ಮುಗಿದ ಮೇಲೆ ಗೇರು ಬದಲಿಸುವ ಸದ್ದು. ಅದಾದ ಮೇಲೆ ಇಳಿಜಾರು, ಅಲ್ಲಿ ಏನೂ ಕೇಳಿಸದು. ಆ ಹೊತ್ತಿನಲ್ಲಿ ಗುಣವತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹಿಟ್ಟಿನ ಕೈ ಮೇಲೆತ್ತಿ ಕೂಡುತ್ತಿದ್ದಳು. ಸುಹಾಸಿನಿ ಪುಸ್ತಕ ಹಿಡಿದು ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದಳು. ಕೆಳಗಿನ ರಸ್ತೆಯಲ್ಲಿ ಮತ್ತೆ ಎಂಜಿನ್ ಗುಡುಗಿದರೆ ಎಲ್ಲರೂ ಉಸಿರು ಬಿಡುತ್ತಿದ್ದರು. ದಿನಕ್ಕೆ ಎಂಟು ಟ್ರಿಪ್ಪು. ದಿನಕ್ಕೆ ಎಂಟು ಸಲ ಮನೆ ಸತ್ತು ಹುಟ್ಟುತ್ತಿತ್ತು.

ಆಯಿ ಪ್ರತಿ ಬೆಳಗ್ಗೆ ಮಗನ ಹಣೆಗೆ ವಿಭೂತಿ ಹಚ್ಚಿ ಕಳಿಸುತ್ತಿದ್ದಳು. ಮೊದಲು ಒಂದು ಬೆರಳು ಹಚ್ಚುತ್ತಿದ್ದವಳು ಈಗ ಮೂರೂ ಬೆರಳು ಒತ್ತಿ ಹಚ್ಚುತ್ತಿದ್ದಳು.

"ಯವ್ವಾ, ಕಣ್ಣಾಗ ಬೀಳಾಕತ್ತೈತಿ," ಅನ್ನುತ್ತಿದ್ದ ಮಲ್ಲಣ್ಣ.

"ಬೀಳ್ಲಿ. ಕಣ್ಣು ತಕ್ಕೊಂಡು ಹೋಗು."

ಎರಡನೇ ವಾರದ ಶುಕ್ರವಾರ ಮಲ್ಲಣ್ಣ ಮಧ್ಯಾಹ್ನಕ್ಕೇ ಮನೆಗೆ ಬಂದ. ಗಾಡಿ ಅಂಗಳದಲ್ಲಿ ನಿಲ್ಲಿಸಿದ, ಆದರೆ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಸುಹಾಸಿನಿ ಹತ್ತಿರ ಹೋದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಅಪ್ಪಾ?"

"ಆಟೋ ಬಂತು. ತುಂಬಾ ಮಂದಿ ಇದ್ರು. ಒತ್ತಿದೆ. ಹೊಳ್ಳತೈತಿ ಅಂತ ಅನಿಸ್ತು ನೋಡು. ಬಲಗಾಲಿ ನೆಲಾ ಬಿಟ್ಟಿತ್ತು." ತಗ್ಗಿದ ದನಿಯಲ್ಲಿ ಹೇಳಿದ. "ನಿಮ್ಮವ್ವಗ ಹೇಳಬ್ಯಾಡ."

ಹೇಳುವ ಅಗತ್ಯವೇ ಇರಲಿಲ್ಲ. ಗುಣವತಿ ಬಾಗಿಲಲ್ಲೇ ನಿಂತಿದ್ದಳು.

"ನಾಳಿಂದ ಹೋಗಬ್ಯಾಡ್ರಿ."

"ನಾಳೆ ಹೋಗ್ತೀನಿ ಅಂತ ಅಪಾರ್ಟ್‌ಮೆಂಟಿನವರಿಗೆ ಮಾತು ಕೊಟ್ಟೀನಿ. ನಾ ಹೋಗ್ಲಿಲ್ಲಂದ್ರ ಇನ್ನೊಬ್ಬಂವ ಬರ್ತಾನ. ಆ ಮ್ಯಾಲೆ ನಂಗ ಯಾರ ಕರೀತಾರ?"

"ಕಲ್ಯಾಣ ಬಾವನೂ ಹಿಂಗ ಸಕ್ರಿ ಫ್ಯಾಕ್ಟರಿಯವ್ರಿಗೆ ಮಾತು ಕೊಟ್ಟೀನಿ ಅಂತ ಹೋಗಿದ್ರು."

ಮಂಚದ ಮೇಲಿನಿಂದ ಮುತ್ಯಾ ಗದರಿಸಿದ: "ಅವನ ಹೆಸರು ಯಾಕ ತಗೀತಿ?"

"ತಗೀತೀನಿ ಮಾವಾರ. ನಿಮ್ಮ ಉರ್ದು ಪುಸ್ತಕದಾಗ ಏನೂ ಇಲ್ಲಂತ ತಗೀತೀನಿ. ಎರಡು ವಾರ ಆತು ಓದಾಕತ್ತು. ಗಾಡಿ ನೆಟ್ಟಗ ನಿಂದ್ರವಲ್ದು."

ಮುತ್ಯಾ ಪುಸ್ತಕವನ್ನು ತಲೆದಿಂಬಿನ ಅಡಿಗೆ ಸರಿಸಿದ.

ಶನಿವಾರ ಮಧ್ಯಾಹ್ನ, ಅಪ್ಪ ಊಟಕ್ಕೆ ಬಂದು ಗಾಡಿ ನಿಲ್ಲಿಸಿದ್ದಾಗ, ಮುತ್ಯಾ ನಿದ್ದೆ ಹೋದದ್ದು ನೋಡಿ ಸುಹಾಸಿನಿ ಹಳೆಯ ಚಾಕು ಮತ್ತು ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಅಂಗಳಕ್ಕೆ ಬಂದಳು. ಬಸವಣ್ಣನ ಹಣೆಗೆ ಚಾಕು ಹಚ್ಚುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತು. ಎದ್ದಷ್ಟೂ ಕೆಳಗೆ ಮತ್ತೊಂದು ಪದರು.

ಹಿಂದೆ ಬಳೆಯ ಸದ್ದಾಯಿತು. ಆಯಿ.

ಸುಹಾಸಿನಿ ಚಾಕು ಮುಚ್ಚಿಟ್ಟುಕೊಳ್ಳಲು ನೋಡಿದಳು. ಆಯಿ ತಗಡನ್ನೂ, ನೆಲಕ್ಕೆ ಬಿದ್ದ ಕೆಂಪು ಚೂರನ್ನೂ ನೋಡಿದಳು.

"ಯಾಕ ಕೆರಿಯಾಕತ್ತಿ?"

"ನಂಬರ್ ಬೇಕು ಆಯಿ. ಇಂಗ್ಲಿಷ್ ಪುಸ್ತಕ ತರ್ತೀನಿ. ಅದರಾಗ ಎಲ್ಲಾ ಬರದಿರ್ತೈತಿ."

"ಉಳದ ಮಗ ಉಳೀತಾನೇನು ಅದರಲೆ?"

"ಗೊತ್ತಿಲ್ಲ ಆಯಿ."

ಆಯಿ ಸೆರಗು ಬಿಗಿದು ಬಾಗಿಲ ಹತ್ತಿರ ಹೋಗಿ ಒಳಗೆ ಇಣುಕಿದಳು. "ಕೆರಿ. ನಿಮ್ಮ ಮುತ್ಯಾ ಎದ್ರ ಕೆಮ್ಮತೀನಿ."

ಐದು ಅಂಕಿ ಹೊರಬಂದವು. ಸುಹಾಸಿನಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಮುಷ್ಟಿ ಬಿಗಿದು ಕೂತಿದ್ದರಿಂದ ಕೋಠಿ ತಲುಪುವಷ್ಟರಲ್ಲಿ ಬೆವರಿಗೆ ಕೊನೆಯ ಅಂಕಿ ಕಲಸಿಹೋಗಿತ್ತು, ಆದರೂ ರಟ್ಟಿನ ಮೇಲಿನ ಎರಡು ನಂಬರಿನ ನಡುವೆಯೇ ಬಂತು. ಮುದುಕ ನಕ್ಕು, "ಅಬ್ ಲೇವ್," ಅಂದ.

ವಾಪಸು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬೇಗಂಪೇಟೆಯ ಹತ್ತಿರ ಟ್ರಾಫಿಕ್ಕು ನಿಂತಾಗ ಬ್ರೇಕಿನ ಅಧ್ಯಾಯ ತೆಗೆದಳು. ಮೊದಲ ಪುಟದಲ್ಲೇ ಎರಡು ಪೆಡಲಿನ ದೊಡ್ಡ ಚಿತ್ರ. ಅವರ ಗಾಡಿಯದೇ ಪೆಡಲು, ಅದೇ ಸೊಟ್ಟ ಮೂತಿ. ಆದರೆ ಚಿತ್ರದಲ್ಲಿ ಎರಡರ ನಡುವೆ ಒಂದು ಕಬ್ಬಿಣದ ಕೊಂಡಿ ಇತ್ತು. ಬಾಣದ ಗುರುತು ಹಾಕಿ ಅದನ್ನು ತೋರಿಸಿದ್ದರು. ಕೆಳಗೆ ಕಪ್ಪು ಚೌಕಟ್ಟಿನೊಳಗೆ ನಾಲ್ಕು ಸಾಲು.

ಹೊಲದಲ್ಲಿ ತಿರುಗಿಸುವಾಗ ಒಂದು ಗಾಲಿಗೆ ಮಾತ್ರ ಬ್ರೇಕು ಬೇಕಾಗುತ್ತದೆ, ಆಗ ಕೊಂಡಿ ಬಿಡಿಸಬಹುದು. ರಸ್ತೆಗೆ ಇಳಿಯುವ ಮೊದಲು ಎರಡೂ ಪೆಡಲನ್ನು ಕೊಂಡಿಯಿಂದ ಕಡ್ಡಾಯವಾಗಿ ಜೋಡಿಸಬೇಕು. ಜೋಡಿಸದೆ ವೇಗದಲ್ಲಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆದು ಮಗುಚುತ್ತದೆ. ಚಾಲಕ ಸಾಯಬಹುದು.

ಮೊದಲು ಸುಹಾಸಿನಿಗೆ ಸಂತೋಷವೇ ಆಯಿತು. ಇಷ್ಟೇ ತಾನೇ? ಒಂದು ತುಂಡು ಕಬ್ಬಿಣ. ಅಂಗಳದ ಗಾಡಿಯಲ್ಲಿ ಆ ಜಾಗದಲ್ಲಿ ಎರಡು ಖಾಲಿ ತೂತು ಇರುವುದು ಅವಳಿಗೆ ಚೆನ್ನಾಗಿ ನೆನಪಿತ್ತು, ಅವುಗಳ ಗ್ರೀಸು ಅವಳೇ ಒರೆಸಿದ್ದಳು. ಕೊಂಡಿ ಎಲ್ಲಿ ಹೋಯಿತು? ಯಾವಾಗ ಹೋಯಿತು?

ಆಗ ಒಂದೊಂದಾಗಿ ನೆನಪಾಯಿತು. ಕಬ್ಬಿನ ಟ್ರಾಲಿ. ಎಡಕ್ಕೆ ಹೊರಳಿದ್ದು. ಕಾಲು ಅಡ್ಡ ಇಡು, ಎರಡರ ಮೇಲೂ ಸಮ ಕೂಡಬೇಕು, ಇನ್ನೊಮ್ಮೆ, ಇನ್ನೊಮ್ಮೆ. ಮೆಕ್ಯಾನಿಕ್ ಬೇಡ. ಉರ್ದುದ್ದು ತಾ. ಒಟ್ಟಿಗೆ ತಿರುಗಿದ ಎರಡು ಹಾಳೆ.

ಬಸ್ಸು ಹೊರಟಿತು. ಇಲ್ಲಿಯವರೆಗೆ ಅಪ್ಪ ಮನೆಗೆ ಬರುವುದಿಲ್ಲವೆಂದು ಹೆದರುತ್ತಿದ್ದವಳಿಗೆ ಈಗ ತಾನು ಮನೆಗೆ ಹೋಗುವುದೇ ಹೆದರಿಕೆಯಾಯಿತು.

ಅಂಗಳಕ್ಕೆ ಬರುವಷ್ಟರಲ್ಲಿ ಸಂಜೆ ಐದು. ಮಲ್ಲಣ್ಣ ಏಳನೇ ಟ್ರಿಪ್ಪು ಮುಗಿಸಿ ಚಹಾ ಕುಡಿಯುತ್ತಿದ್ದ. ಎಂಟನೆಯದಕ್ಕೆ ಟ್ಯಾಂಕರ್ ಆಗಲೇ ತುಂಬಿತ್ತು, ಮೇಲಿನ ಮುಚ್ಚಳದಿಂದ ನೀರು ತುಳುಕುತ್ತಿತ್ತು. ಕಟ್ಟೆಯ ಮೇಲೆ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುತ್ಯಾ ಮಂಚವನ್ನು ಹೊರಗೆ ಹಾಕಿಸಿಕೊಂಡು ಕೂತಿದ್ದ.

"ಸಿಕ್ತೇನವ್ವ ಪುಸ್ತಕ?" ಅಂದಳು ಆಯಿ.

ಮುತ್ಯಾ ತಲೆ ಎತ್ತಿದ. ಮೊದಲು ದಪ್ಪ ಪುಸ್ತಕ ನೋಡಿದ, ಆಮೇಲೆ ಗಾಡಿಯ ಪಕ್ಕದ ತಗಡು ನೋಡಿದ. ಅದು ಬಿಸಿಲಿಗೆ ಮಿಂಚುತ್ತಿತ್ತು.

"ಸಿಕ್ತು ಆಯಿ. ಇನ್ನೂ ಓದಿಲ್ಲ," ಅಂದಳು ಸುಹಾಸಿನಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ತಡವರಿಸಿತು.

ಮಲ್ಲಣ್ಣ ಲೋಟ ಇಟ್ಟು ಎದ್ದ. "ರಾತ್ರಿ ಓದೂನು. ಇದೊಂದು ಟ್ರಿಪ್ ಹೊಡದ್ ಬರ್ತೀನಿ."

ಅವನು ಗಾಡಿಯ ಮೇಲೆ ಕಾಲಿಟ್ಟ. ಸುಹಾಸಿನಿ ಓಡಿಹೋಗಿ ಅವನ ಅಂಗಿಯ ತುದಿ ಹಿಡಿದಳು.

"ಅಪ್ಪಾ, ಹೋಗಬ್ಯಾಡ. ಇಲ್ಲಾಂದ್ರ ಪೆಡಲ್ ಎರಡೂ ಹಗ್ಗದಲೆ ಬಿಗದು ಕಟ್ಟಿ ಹೋಗು."

"ಹಗ್ಗದಲೆ? ಯಾಕ?"

"ಸುಮ್ನ ಕಟ್ಟಪ್ಪಾ."

"ಹುಚ್ಚಿ, ಯಾರಾದ್ರೂ ಬ್ರೇಕಿಗೆ ಹಗ್ಗ ಕಟ್ಟತಾರೇನು? ಬಿಡು, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕಾಯಾಕತ್ತಾನ."

ಅವನು ಕೂತ. ಕೀಲಿ ತಿರುಗಿಸಿದ. ಎಂಜಿನ್ ಹತ್ತಿಕೊಂಡು ಅಂಗಳ ನಡುಗಿತು. ಸುಹಾಸಿನಿ ಮುತ್ಯಾನ ಕಡೆ ನೋಡಿದಳು. ಮುತ್ಯಾ ಪೆಡಲಿನ ಮೇಲಿದ್ದ ಅಪ್ಪನ ಕಾಲನ್ನೇ ನೋಡುತ್ತಿದ್ದ. ಇನ್ನು ಅರ್ಧ ನಿಮಿಷ ಕಳೆದರೆ ಗಾಡಿ ಗೇಟು ದಾಟುತ್ತದೆ. ಅವಳು ಪುಸ್ತಕ ತೆರೆದು, ಸ್ಟೇರಿಂಗಿನ ಮೇಲೆ, ಅಪ್ಪನ ಮುಖದ ಎದುರಿಗೇ ಚಿತ್ರ ಹಿಡಿದಳು.

ಮಲ್ಲಣ್ಣ ಚಿತ್ರ ನೋಡಿದ. ಬಗ್ಗಿ ತನ್ನ ಕಾಲ ಹತ್ತಿರ ನೋಡಿದ. ಮತ್ತೆ ಚಿತ್ರ ನೋಡಿದ. ಕೈ ಚಾಚಿ ಎಂಜಿನ್ ಬಂದ್ ಮಾಡಿದ.

"ಇದೇನು, ನಡಬರಕ?"

"ಕೊಂಡಿ. ಎರಡೂ ಪೆಡಲ್ ಕೂಡಿಸೋದು. ರಸ್ತಾದ ಮ್ಯಾಲೆ ಹೋಗೋವಾಗ ಇರಬೇಕಂತ."

"ನಮ್ಮ ಗಾಡಿಗೆ ಇಲ್ಲಲ್ಲ? ತೂತು ಅದಾವ. ಯಾರ ತಗದ್ರು ಇದನ್ನ?"

ಒಳಗಿಂದ ಗುಣವತಿ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು.

"ನಾನು," ಅಂದ ಮುತ್ಯಾ.

ಮಲ್ಲಣ್ಣ ಗಾಡಿಯಿಂದ ಇಳಿದ. "ಯಾವಾಗ?"

"ಗಾಡಿ ತಂದ ವರ್ಷನ. ಹೊಲದಾಗ ರಂಟಿ ಹೊಡಿಯೋವಾಗ ಮೂಲ್ಯಾಗ ತಿರುಗಸಾಕ ಅಡ್ಡ ಬರ್ತಿತ್ತು. ದಿನಾ ಬಿಡಸೂದು, ಹಾಕೂದು. ಬ್ಯಾಸರಾಗಿ ಬಿಚ್ಚಿ ಒಗದೆ."

"ಹಂಗಾದ್ರ ಎರಡು ವಾರದಿಂದ ನೀ..." ಮಲ್ಲಣ್ಣ ಪೆಡಲಿನ ಕಡೆ ಕೈ ತೋರಿಸಿದ. "ಅದರ ಮ್ಯಾಲೆ ನಾ ದಿನಾ ಎಂಟು ಸಲ ಇಳಿಯಾಕತ್ತಿದ್ದೆ ಯಪ್ಪಾ. ನೀ ಇಲ್ಲೇ ಕುಂತು ನೋಡಾಕತ್ತಿದ್ದಿ."

"ಕಾಲು ಅಡ್ಡ ಇಡು ಅಂತ ಹೇಳ್ತಿದ್ದೆ."

"ಕೊಂಡಿ ಇಲ್ಲಂತ ಯಾಕ ಹೇಳಲಿಲ್ಲ?"

ಮುತ್ಯಾ ತಲೆದಿಂಬಿನ ಅಡಿಯಿಂದ ಉರ್ದು ಪುಸ್ತಕ ತೆಗೆದ. ಅವನು ಎಣ್ಣೆಯದು ಎಂದಿದ್ದ ಹಾಳೆ ತಾನಾಗಿ ತೆರೆದುಕೊಂಡಿತು. ಅಷ್ಟು ಸಲ ಅದನ್ನೇ ತೆರೆದಿದ್ದನೋ ಏನೋ. ಅದರಲ್ಲೂ ಅದೇ ಚಿತ್ರ, ಅದೇ ಬಾಣ, ಅದೇ ಚೌಕಟ್ಟು.

"ಹೇಳಿದ್ರ ಅಕಿಗೆ ಗೊತ್ತಾಕ್ಕಿತ್ತು," ಅಂದ, ಆಯಿಯ ಕಡೆ ನೋಡದೆ.

ಆಯಿಯ ಕೈಯಲ್ಲಿ ಮೊರ ಅಲ್ಲೇ ನಿಂತಿತ್ತು. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಸುಹಾಸಿ, ಪುಸ್ತಕದಾಗ ಏನ ಬರದೈತಿ, ಓದು."

"ಬ್ಯಾಡ ಆಯಿ."

"ಓದು ಅಂದೆ."

ಸುಹಾಸಿನಿ ಅಪ್ಪನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ್ದ. ಅವ್ವನನ್ನು ನೋಡಿದಳು. ಅವ್ವ ಬಾಗಿಲ ಚೌಕಟ್ಟು ಹಿಡಿದಿದ್ದಳು. ಓದದೆ ತಪ್ಪಿಸಿಕೊಳ್ಳಲು ಈ ಸಲ ತೆಳ್ಳಗಿನ ಪುಸ್ತಕದ ನೆಪ ಇರಲಿಲ್ಲ. ನಾಲ್ಕು ಸಾಲನ್ನೂ ಒಂದೊಂದಾಗಿ ಕನ್ನಡ ಮಾಡಿ ಹೇಳಿದಳು. ಕೊನೆಯ ಸಾಲನ್ನು ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ.

ಟ್ಯಾಂಕರಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಗೇಟಿನ ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದು ಹೋದರು.

ಆಯಿ ಎದ್ದಳು. ಮೊಣಕಾಲಿನ ಮೇಲೆ ಕೈಯೂರಿ, ನಿಧಾನವಾಗಿ ಕಟ್ಟೆ ಇಳಿದು, ಮಂಚದ ಎದುರಿಗೆ ಬಂದು ನಿಂತಳು. ಬೈಯುತ್ತಾಳೆ, ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಎಲ್ಲರೂ ಕಾದರು.

"ಎಷ್ಟ ದೊಡ್ಡದಿತ್ತದು?" ಅಂದಳು.

ಮುತ್ಯಾಗೆ ಮೊದಲು ಅರ್ಥವಾಗಲಿಲ್ಲ.

"ಆ ಕೊಂಡಿ. ಎಷ್ಟ ದೊಡ್ಡದಿತ್ತು?"

ಮುತ್ಯಾ ಬಲಗೈ ಎತ್ತಿ ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ತೋರಿಸಿದ. ನಾಲ್ಕು ಇಂಚು ಇದ್ದೀತು. ಕೈ ನಡುಗುತ್ತಿತ್ತು, ಅದರ ಜೊತೆ ಆ ನಾಲ್ಕು ಇಂಚೂ ಹೆಚ್ಚುಕಡಿಮೆಯಾಗುತ್ತಿತ್ತು. ಆಯಿ ಬಗ್ಗಿ ಆ ಎರಡು ಬೆರಳಿನ ನಡುವಿನ ಜಾಗವನ್ನು ನೋಡತೊಡಗಿದಳು. ನೋಡುತ್ತಲೇ ನಿಂತಳು. ಅವಳು ನೋಡಿ ಮುಗಿಸುವವರೆಗೆ ಮುತ್ಯಾ ಕೈ ಇಳಿಸಲಿಲ್ಲ.